ಕಾಳಿನ ಸಕ್ಕರೆ

ಕದನವಿರಾಮ ಘೋಷಣೆಯಾದ ದಿನ ದೊಡ್ಡಬೇಲಿಯ ಮಿಠಾಯಿ ಅಂಗಡಿಯ ನಂಜುಂಡಿ ಒಂದು ಬುಟ್ಟಿ ಪೇಢೆಯನ್ನು ಬೀದಿ ದನಗಳಿಗೆ ಸುರಿದ. ದನಗಳು ತಿಂದವು, ಅವಕ್ಕೆ ಗಡಿಯ ರಾಜಕೀಯ ಗೊತ್ತಿರಲಿಲ್ಲ. ಕಾಲನಿಯ ಜನ ಮಾತ್ರ ಸೂತಕದವರ ಹಾಗೆ ಬಾಗಿಲು ಮುಂದಕ್ಕೆ ಮಾಡಿಕೊಂಡು ಕೂತಿದ್ದರು. ಶಾಲೆಯ ಹೆಡ್‌ಮಾಸ್ತರು ಸಂಜೆಯೊಳಗೆ ಸುತ್ತೋಲೆ ಕಳಿಸಿದರು: ಶಾಂತಿ ಇರುವಷ್ಟು ಕಾಲ ಮಕ್ಕಳ ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದು.

ದೊಡ್ಡಬೇಲಿ ಎಂಬುದು ಊರಿನ ಹೆಸರಲ್ಲ. ಬಯಲುಸೀಮೆಯಲ್ಲಿ ಕುರಿ ಮೇಯುತ್ತಿದ್ದ ಹುಲ್ಲುಗಾವಲಿಗೆ ಸರ್ಕಾರ ತಂತಿ ಬೇಲಿ ಸುತ್ತಿ, ಒಳಗೆ ಶಸ್ತ್ರಾಸ್ತ್ರದ ಕಾರ್ಖಾನೆಯನ್ನೂ ಮಗ್ಗುಲಿಗೆ ಎಂಜಿನಿಯರುಗಳ ಕಾಲನಿಯನ್ನೂ ಕಟ್ಟಿದ ಮೇಲೆ ಕುರಿಗಾಹಿಗಳು ಇಟ್ಟ ಹೆಸರು ಅದು. ಕಾಗದದಲ್ಲಿ ಬೇರೊಂದು ಉದ್ದನೆಯ ಹೆಸರಿತ್ತು. ಅದು ರಹಸ್ಯವಾದ್ದರಿಂದ ಯಾರಿಗೂ ಬಾಯಿಪಾಠವಾಗಲಿಲ್ಲ.

ಮೊದಲೆಲ್ಲ ಅಲ್ಲಿಯ ಸಂಬಳ ಉಳಿದ ಸರ್ಕಾರಿ ಸಂಬಳದ ಹಾಗೇ ಇತ್ತು. ಮೆಕ್ಯಾನಿಕಲ್ ಓದಿದವನೊಬ್ಬ ಒಳಗೆ ಸೇರಿದನೆಂದರೆ, ಅವನು ಮಾಡಿದ ಫಿರಂಗಿ ಹಾರಲಿ ಮಲಗಲಿ, ಜುಲೈಗೊಂದು ಇನ್‌ಕ್ರಿಮೆಂಟು ಬರುತ್ತಿತ್ತು. ಕೂದಲು ಉದುರುವ ವೇಗದಲ್ಲೇ ಹುದ್ದೆಯೂ ಏರುತ್ತಿತ್ತು. ಆಮೇಲೆ ಒಂದು ಯುದ್ಧದಲ್ಲಿ ಹಾರಿಸಿದ ಶೆಲ್ಲುಗಳಲ್ಲಿ ಬಹಳಷ್ಟು ಒಡೆಯದೆ ವೈರಿಯ ಹೊಲದಲ್ಲಿ ಆಲೂಗಡ್ಡೆಯ ಹಾಗೆ ಬಿದ್ದುಕೊಂಡವು. ಪತ್ರಿಕೆಗಳು ಕೂಗಾಡಿದವು, ಸಮಿತಿ ಕೂತಿತು, ಸಮಿತಿಯ ಹೊಟ್ಟೆಯಿಂದ ಸಾಕ್ಷಿಕಾಳು ಹುಟ್ಟಿತು.

ಸಾಕ್ಷಿಕಾಳೆಂದರೆ ಅಕ್ಕಿಕಾಳಿನಷ್ಟೇ ದೊಡ್ಡ ಒಂದು ಯಂತ್ರ. ಆಯುಧದ ಪ್ರತಿ ಮುಖ್ಯ ಬಿಡಿಭಾಗದ ಲೋಹದೊಳಗೆ ಅದನ್ನು ಹುದುಗಿಸುತ್ತಾರೆ. ಬ್ಯಾಟರಿ ಬೇಡ, ಹಾರುವ ಹೊಡೆತದ ಅಲುಗಾಟದಿಂದಲೇ ಅದು ಎಚ್ಚರಗೊಳ್ಳುತ್ತದೆ. ತಾನು ಕೂತ ಭಾಗ ತನ್ನ ಕೆಲಸ ಮಾಡಿದ ಕ್ಷಣದಲ್ಲಿ, ಸುಟ್ಟು ಹೋಗುವ ಮುನ್ನ, ಉಪಗ್ರಹಕ್ಕೆ ಒಂದೇ ಮಾತು ಹೇಳುತ್ತದೆ: ಆಯಿತು. ಆ ಮಾತು ದೊಡ್ಡಬೇಲಿಯ ಕಾಳುಮನೆ ಎಂಬ ತಣ್ಣನೆಯ ಕೋಣೆಗೆ ಬಂದು, ಆ ಭಾಗವನ್ನು ವಿನ್ಯಾಸ ಮಾಡಿದ ಎಂಜಿನಿಯರನ ಖಾತೆಗೆ ಇಷ್ಟೆಂದು ಪಾಲು ಸೇರುತ್ತದೆ. ಎಲ್ಲಿ ಆಯಿತು, ಯಾರ ಮೇಲೆ ಆಯಿತು ಎಂಬುದು ಕಾಳಿಗೆ ಗೊತ್ತಿಲ್ಲ. ದೂರವನ್ನೂ ಅಳೆಯುವಂತೆ ಮಾಡೋಣವೆಂಬ ಸಲಹೆ ಬಂದಿತ್ತು. ಕಾಳಿನ ಬೆಲೆ ದುಪ್ಪಟ್ಟಾಗುತ್ತದೆಂದು ಕೈಬಿಟ್ಟರು.

ಜನ ಎಂಥದಕ್ಕೂ ಒಗ್ಗುತ್ತಾರೆ, ಸಂಬಳಕ್ಕಂತೂ ಬಹಳ ಬೇಗ. ಗಂಡು ನೋಡಲು ಬಂದವರು "ಹುಡುಗ ಸಿಡಿಯೋ ಕಡೆಯೋ, ತಡೆಯೋ ಕಡೆಯೋ?" ಎಂದು ಮೊದಲೇ ಕೇಳಿಬಿಡುತ್ತಿದ್ದರು. ಬಂಕರಿನ ಬಾಗಿಲು ಮಾಡುವವನಿಗೆ ನಲವತ್ತಾದರೂ ಹೆಣ್ಣು ಸಿಕ್ಕಿರಲಿಲ್ಲ; ಬಾಂಬು ಬಿದ್ದಾಗ ತೆರೆಯದಿರುವುದೇ ಅವನ ಬಾಗಿಲಿನ ಕೆಲಸ, ತೆರೆಯದ ಬಾಗಿಲಿನ ಬಗ್ಗೆ ಕಾಳು ಏನು ಹೇಳೀತು? ವಿಮಾನದಿಂದ ಪೈಲಟನನ್ನು ಹೊರಕ್ಕೆಸೆಯುವ ಕುರ್ಚಿ ಮಾಡುವವರ ಮನೆಗೆ ಹಣ ಬಂತೆಂದರೆ ವಿಮಾನವೊಂದು ಬಿತ್ತೆಂದೇ ಅರ್ಥ. ಅವರು ಹಂಚಿದ ಸಿಹಿಯನ್ನು ಜನ ತೆಗೆದುಕೊಳ್ಳುತ್ತಿದ್ದರು, ತಿನ್ನುತ್ತಿರಲಿಲ್ಲ.

ಇನ್ನೊಂದು ರೂಢಿಯೂ ಬೆಳೆದಿತ್ತು. ಪಾಲು ಜಮೆಯಾದಾಗ ಗಂಡಹೆಂಡಿರಿಬ್ಬರ ಫೋನೂ ಟಿಣ್ ಟಿಣ್ ಎನ್ನುತ್ತದಲ್ಲ, ಆಗ ಮನೆಯಾಕೆ ದೇವರ ಮುಂದೆ ಚಿಟಿಕೆ ಸಕ್ಕರೆ ಇಟ್ಟು, ಅದನ್ನೇ ಬಾಯಿಗೆ ಹಾಕಿಕೊಳ್ಳಬೇಕು. ಇದಕ್ಕೆ ಕಾಳಿನ ಸಕ್ಕರೆ ಎಂದು ಹೆಸರು. ಯಾರು ಶುರು ಮಾಡಿದರೋ ತಿಳಿಯದು. ಎಲ್ಲಿ, ಯಾರಿಗೆ, ಏನಾಯಿತು ಎಂದು ಕೇಳುವ ಮೊದಲೇ ಬಾಯಿ ಸಿಹಿಯಾಗಿಬಿಟ್ಟರೆ ಕೇಳುವ ಗೋಜಿರುವುದಿಲ್ಲ.

ಗುರುಪಾದ ಕೆರೂರರ ಮನೆಯಲ್ಲಿ ಆ ಸಕ್ಕರೆ ಡಬ್ಬಿ ಬಹುಕಾಲ ತುಂಬಿಯೇ ಇತ್ತು. ಅವರು ಧಾರವಾಡದ ಕಡೆಯವರು; ಫಿರಂಗಿ ಶೆಲ್ಲಿನ ಮೂತಿಯೊಳಗೆ ಕೂರುವ ಬೀಗಗಳಲ್ಲಿ ಒಂದು ಅವರದು. ಶೆಲ್ಲು ಕೊಳವೆ ಬಿಟ್ಟು ನಮ್ಮ ಸೈನಿಕರಿಂದ ಸಾಕಷ್ಟು ದೂರ ಹೋಗುವವರೆಗೆ ಸಿಡಿಯಕೂಡದು. ಅದಕ್ಕೆ ಒಂದರ ಹಿಂದೊಂದು ಮೂರು ಬೀಗ: ಮೊದಲನೆಯದು ಕೆರೂರರ ಸ್ಪ್ರಿಂಗು, ಎರಡನೆಯದು ತುಮಕೂರಿನ ಎಂಜಿನಿಯರ್ ಜಯಶೀಲಾಳದು, ಶೆಲ್ಲು ಗಿರ್ರನೆ ಸುತ್ತಿದಾಗ ಸರಿಯುವ ತಿರುಗುಬಟ್ಟು, ಮೂರನೆಯದು ರಂಗಧಾಮನ ಹಲ್ಲುಚಕ್ರ. ಮೂರೂ ತೆರೆದರೆ ಮಾತ್ರ ಶೆಲ್ಲಿಗೆ ಜೀವ. ಒಂದು ಮುಷ್ಕರ ಹೂಡಿದರೂ ಅದು ಆಲೂಗಡ್ಡೆ.

ಯಾವ ಭಾಗವನ್ನೂ ಕೂದಲೆಳೆ ವ್ಯತ್ಯಾಸವಿಲ್ಲದೆ ಮಾಡಲಾಗದು. ಅದಕ್ಕೆ ನಕ್ಷೆಯಲ್ಲೇ ಇಷ್ಟು ಹೆಚ್ಚು, ಇಷ್ಟು ಕಡಿಮೆ ಎಂದು ಮಿತಿ ಬರೆದಿರುತ್ತಾರೆ. ಹಳಬರ ಪದ್ಧತಿ, ಎರಡು ಮಿತಿಗಳ ನಡುವಿನ ಗೆರೆಗೆ ಗುರಿಯಿಡುವುದು. ಕೆರೂರರು ಆ ನಡುಗೆರೆಯನ್ನು ಮಡಿಯಂತೆ ಪಾಲಿಸಿಕೊಂಡು ಬಂದಿದ್ದರು. ಜಯಶೀಲಾ ಅವರನ್ನು ಎದುರಿಗೇ "ನಡುಗೆರೆ ಸಾರ್" ಎಂದು ಕರೆಯುತ್ತಿದ್ದಳು. ಅವರ ಸ್ಪ್ರಿಂಗು ಗಟ್ಟಿಯಾಗಿತ್ತು, ಆಗಾಗ ತೆರೆಯುತ್ತಿರಲಿಲ್ಲ, ಹಾಗಾಗಿ ಅವರ ಪಾಲು ಮೂವರಲ್ಲಿ ಕಡೆಯದು. ಹೊರಗಿನ ಖಾಸಗಿ ಕಂಪನಿಗಳು ಮೂರು ಪಟ್ಟು ಸಂಬಳ ಕೊಡುತ್ತಿದ್ದವು ನಿಜ, ಆದರೆ ಅವರೂ ಸಂದರ್ಶನದಲ್ಲಿ ಮೊದಲು ಕೇಳುತ್ತಿದ್ದುದು "ನಿಮ್ಮ ಕಾಳೆಷ್ಟು?" ಎಂದೇ.

ಆ ಚಳಿಗಾಲ ಕೆರೂರರ ಹೆಂಡತಿ ಮಹಾನಂದಾಳ ತಮ್ಮ ಅಡಿವೆಪ್ಪ ರಜೆಗೆ ಬಂದ. ಗೋಕಾಕದ ಕಡೆಯ ಹಳ್ಳಿಯವನು, ಫಿರಂಗಿ ದಳದ ಒಂದು ಬ್ಯಾಟರಿಯಲ್ಲಿ, ಅಂದರೆ ತುಕಡಿಯಲ್ಲಿ, ಹವಾಲ್ದಾರ. ಅಕ್ಕ ಬಡಿದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತ ಅವನು ನಗೆಯಾಡಿದ:

"ಅಕ್ಕಾ, ಸ್ಪ್ರಿಂಗ್ ನಮ್ಮ ಮಾಮಾಂದ ಅಂತ ನಮ್ಮ ಬ್ಯಾಟರ್‍ಯಾಗ ಹೇಳಿಬಿಟ್ಟೇನಿ. ಬಿಹಾರದವರು, ಪಂಜಾಬದವರು ಎಲ್ಲಾರೂ ಈಗ ಶೆಲ್ ಎತ್ತುಮುಂದ 'ಜೀಜಾಜೀ ಕೀ ಜೈ' ಅಂತಾರ."

"ಮೈಸೂರು ಪೇಟಾನೂ ಹಾಕಿಸಿ ಕಳಸ್ಲೇನು ನಿಮ್ಮ ಜೀಜಾಜಿಗೆ?" ಎಂದಳು ಮಹಾನಂದಾ. "ಪಗಾರ ನೋಡಿದ್ರ ಪೇಟಾಕ್ಕೂ ಸಾಲಂಗಿಲ್ಲ."

ಕೆರೂರರು ತಟ್ಟೆ ನೋಡುತ್ತ, "ನನ್ನ ಸ್ಪ್ರಿಂಗಿಂದ ಒಂದಿಷ್ಟು ಶೆಲ್ ಒಡೆಯಂಗಿಲ್ಲ ಅಡಿವೆಪ್ಪ. ನಿಮಗ ಸಿಟ್ಟು ಬರೂದಿಲ್ಲೇನು?" ಎಂದರು.

ಅಡಿವೆಪ್ಪ ನಗು ನಿಲ್ಲಿಸಿದ. "ಮುಂದ ಹೋಗಿ ಸತ್ರ ಸಾಯಲಿ ಮಾಮಾ. ನಮ್ಮ ಕಾಲ ಬುಡಕ್ಕ ಹುಟ್ಟಬಾರದು, ಅಷ್ಟ."

ಅವನು ಗಡಿಗೆ ಮರಳಿದ ವಾರ ವಿಭಾಗದ ಮುಖ್ಯಸ್ಥ ಸುಧೀಂದ್ರ ರಾಯರು ಕೆರೂರರನ್ನು ಕಾಳುಮನೆಗೆ ಕರೆಸಿದರು. ಅಲ್ಲಿ ಗೋಡೆ ತುಂಬ ಪರದೆ, ಪರದೆ ತುಂಬ ಗೆರೆಗಳು. ಒಬ್ಬೊಬ್ಬ ಎಂಜಿನಿಯರನದೂ ಒಂದೊಂದು. ಎಲ್ಲೋ ಏನೋ ಆದಾಗ ಒಂದು ಗೆರೆ ಕಪ್ಪೆಯ ಹಾಗೆ ಚಂಗನೆ ಮೇಲೆ ಹಾರುತ್ತಿತ್ತು.

"ಇದು ನಿಮ್ಮದು ನೋಡಿ ಕೆರೂರ್. ಹೃದಯ ನಿಂತವರ ಇಸಿಜಿ ಇದ್ದ ಹಾಗಿದೆ."

"ಸ್ಪ್ರಿಂಗ್ ಸ್ವಲ್ಪ ಗಟ್ಟಿ ಸರ್. ಗಟ್ಟಿ ಇದ್ದಷ್ಟೂ ನಮ್ಮವರಿಗೆ ಒಳ್ಳೇದು."

"ನಮ್ಮವರಿಗೆ ಒಳ್ಳೇದು ಅನ್ನೋದಕ್ಕೆ ಕಾಳಿಲ್ಲವಲ್ಲಪ್ಪ," ಎಂದರು ರಾಯರು, ನಿಜವಾದ ಮರುಕದಿಂದ. "ಏಪ್ರಿಲ್‌ನಲ್ಲೂ ನೀವೇ ಕೊನೆ ಆದರೆ ನಿಮ್ಮನ್ನ ಬಂಕರ್ ಬಾಗಿಲಿಗೆ ಹಾಕಬೇಕಾಗುತ್ತೆ. ಕ್ವಾರ್ಟರ್ಸೂ ಹೋಗುತ್ತೆ. ನಕ್ಷೆ ಮೀರಿ ಅಂತ ನಾನು ಯಾವತ್ತಾದರೂ ಹೇಳಿದೀನಾ? ಇಲ್ಲ. ಆದರೆ ಸರ್ಕಾರ ನಿಮಗೆ ಇಷ್ಟಗಲ ಅಂಗಳ ಕೊಟ್ಟಿದೆ, ನೀವು ಗೂಟಕ್ಕೆ ಕಟ್ಟಿದ ಕರು ಥರ ನಟ್ಟನಡುವೆ ನಿಂತಿದೀರಿ. ಜಯಶೀಲಾನ ಗೆರೆ ನೋಡಿ. ರಂಗಧಾಮಂದು ನೋಡಿ."

ಕೆರೂರರು ನೋಡಿದರು. ಆ ಎರಡು ಗೆರೆಗಳೂ ಒಂದು ವರ್ಷದಿಂದೀಚೆಗೆ ಏರಿದ್ದವು. ಹೇಗೆ ಏರಿದವೆಂದು ಕೇಳುವ ಹಾಗಿರಲಿಲ್ಲ. ಪಾಲು ಹೆಚ್ಚಿಸಿಕೊಂಡ ಉಪಾಯವನ್ನು ಹೊಸ ಸಂಬಳ ಬಂದ ಮೇಲೆ ಯಾರೂ ಯಾರಿಗೂ ಹೇಳುತ್ತಿರಲಿಲ್ಲ, ಊಟದ ಡಬ್ಬಿಯಲ್ಲಿದ್ದ ಪಲ್ಯವನ್ನು ಹಂಚಿಕೊಂಡಷ್ಟು ಸುಲಭವಾಗಿ ಅದನ್ನು ಹಂಚಿಕೊಳ್ಳಲಾಗದು. ಒಳ್ಳೆಯ ಎಣ್ಣೆ ಹಾಕಿರಬೇಕು, ನುಣುಪು ಹೆಚ್ಚಿಸಿರಬೇಕು ಎಂದುಕೊಂಡರು.

ಮುಂದಿನ ತಯಾರಿಕೆಗೆ ಅವರು ಸ್ಪ್ರಿಂಗನ್ನು ಮೆತ್ತಗೆ ಮಾಡಿದರು. ಕೆಳಮಿತಿಗೆ ತಾಗಿಸಿದರು, ದಾಟಿಸಲಿಲ್ಲ. ಮೆತ್ತಗಾದರೇನು, ಹಿಂದೆ ಇನ್ನೆರಡು ಬೀಗಗಳಿವೆ, ಅವು ನಡುಗೆರೆಯಲ್ಲಿರುತ್ತವೆ ಎಂಬ ಧೈರ್ಯ. ತಪಾಸಣೆಯವರು ಮೂರು ಭಾಗಗಳನ್ನೂ ಬೇರೆಬೇರೆಯಾಗಿ ಅಳೆದು ಮೂರಕ್ಕೂ ಹಸಿರು ಗುರುತು ಹಾಕಿದರು. ಮಾದರಿಗೆಂದು ಹಾರಿಸಿದ ಶೆಲ್ಲುಗಳು ದೂರ ಹೋಗಿಯೇ ಸಿಡಿದವು.

ಗಡಿ ಬಿಸಿಯಾಯಿತು. ಕೆರೂರರ ಗೆರೆ ಕಪ್ಪೆಯಾಯಿತು. ಮಹಾನಂದಾ ಬೆಳಗ್ಗೆ ಹಾಲು ಕಾಯಿಸುವಾಗ ಟಿಣ್ ಟಿಣ್, ಸೊಪ್ಪು ಸೋಸುವಾಗ ಟಿಣ್ ಟಿಣ್. ಡಬ್ಬಿಯ ಸಕ್ಕರೆ ತಳ ಕಂಡು ಮತ್ತೆ ತುಂಬಿತು. "ಹಿಂಗಾದ್ರ ದೇವ್ರಿಗೂ ಶುಗರ್ ಬರ್ತೈತಿ" ಎಂದಳು ಅವಳು. ಏಪ್ರಿಲ್‌ನಲ್ಲಿ ಗಂಡನ ಹುದ್ದೆ ಒಂದು ಮೆಟ್ಟಿಲು ಏರಿತು. ಅವಳು ತಮ್ಮನ ಹಳ್ಳಿಯ ಮನೆಯ ತಗಡು ತೆಗೆಸಿ ಆರ್‌ಸಿಸಿ ಹಾಕಿಸಿದಳು. ಹೊಸ ಸೂರಿನ ಕೆಳಗೆ ಅಡಿವೆಪ್ಪನ ಹೆಂಡತಿ ಶಾಂತವ್ವ ನಿಂತ ಫೋಟೋ ಬಂದಾಗ ಕೆರೂರರು ಅದನ್ನು ಬಹಳ ಹೊತ್ತು ನೋಡಿದರು. ತಾನು ಮಾಡಿದ್ದು ತಪ್ಪಲ್ಲವೆಂದು ಸಾರುವ ಫೋಟೋ ಅದು. ಅಂಥ ಫೋಟೋಗಳನ್ನು ಮನುಷ್ಯ ಬಹಳ ಹೊತ್ತು ನೋಡುತ್ತಾನೆ.

ಪೇಢೆ ದನಗಳ ಪಾಲಾದ ಕದನವಿರಾಮ ಬಂದದ್ದು ಇದಾದ ಮೇಲೆ.

ಗೆರೆಗಳೆಲ್ಲ ಮಲಗಿದವು. ಎಂಜಿನಿಯರುಗಳ ಗೋಳು ಕೇಳಲಾರದೆ ಸರ್ಕಾರ ಒಂದು ದಯೆ ತೋರಿತು: ಮರಳುಗಾಡಿನಲ್ಲಿ ಅಭ್ಯಾಸಕ್ಕೆ ಹಾರಿಸುವ ಶೆಲ್ಲುಗಳಿಗೂ ಇನ್ನು ಮುಂದೆ ಅರ್ಧ ಪಾಲು. ಹಾಗೆ ಒಂದು ಮಧ್ಯಾಹ್ನ, ಕ್ಯಾಂಟೀನಿನಲ್ಲಿ ಮೂವರೂ ಒಂದೇ ಮೇಜಿಗೆ ಕೂತು ಚಿತ್ರಾನ್ನ ತಿನ್ನುತ್ತಿದ್ದಾಗ ಮೂರು ಫೋನುಗಳೂ ಒಟ್ಟಿಗೆ ಟಿಣ್ ಟಿಣ್ ಎಂದವು.

"ಅಬ್ಬ, ನಂಜುಂಡಿ ಬದುಕ್ಕೊಂಡ," ಎಂದಳು ಜಯಶೀಲಾ.

"ಅಭ್ಯಾಸದ್ದು ಕಣಮ್ಮ, ಅರ್ಧ ರೇಟು," ಎಂದ ರಂಗಧಾಮ. "ಪೇಢೇನೂ ಅರ್ಧರ್ಧ ತಿನ್ನೋಣ."

ಪೇಢೆ ತರಿಸಿ ನಿಜಕ್ಕೂ ಅರ್ಧರ್ಧ ಮುರಿದು ತಿಂದರು. ಅದೇ ಹೊತ್ತಿಗೆ ಮನೆಯಲ್ಲಿ ಮಹಾನಂದಾ ಕೈ ಒರೆಸಿಕೊಂಡು ದೇವರ ಮುಂದೆ ಚಿಟಿಕೆ ಸಕ್ಕರೆ ಇಟ್ಟು ಬಾಯಿಗೆ ಹಾಕಿಕೊಂಡಳು.

ಸಂಜೆ ಶಾಂತವ್ವನ ಫೋನು ಬಂತು. ಮಾತಿರಲಿಲ್ಲ, ಬರೀ ಅಳು. ಊರಿನ ಯಾರೋ ಫೋನು ಕಸಿದುಕೊಂಡು ಹೇಳಿದರು: ಮರಳುಗಾಡಿನ ಅಭ್ಯಾಸದಲ್ಲಿ ಶೆಲ್ಲೊಂದು ಕೊಳವೆಯ ಬಾಯಿ ದಾಟುತ್ತಿದ್ದ ಹಾಗೇ ಸಿಡಿಯಿತು. ಫಿರಂಗಿಯ ಹತ್ತಿರ ಇದ್ದವರಲ್ಲಿ ಮೂವರಿಗೆ ಗಾಯ. ಅಡಿವೆಪ್ಪ ಇಲ್ಲ.

ಅಡಿವೆಪ್ಪನ ಮಣ್ಣು ಮುಗಿಸಿ ಹಳ್ಳಿಯಿಂದ ಹಿಂದಿರುಗಿದ ಕೆರೂರರಿಗೆ ಕಾಳುಮನೆಯಿಂದ ಕರೆ ಕಾದಿತ್ತು. ವಿಚಾರಣಾ ಸಮಿತಿಯ ಎದುರು ನಿಲ್ಲುವ ಮುನ್ನ ಮೂವರೂ ಒಮ್ಮೆ ಕೂತು ಮಾತಾಡಿಕೊಳ್ಳಲಿ ಎಂಬುದು ಸುಧೀಂದ್ರ ರಾಯರ ಏರ್ಪಾಟು. ಪರದೆಯ ಮೇಲೆ ಆ ಮಧ್ಯಾಹ್ನದ ಮೂರು ಗೆರೆಗಳನ್ನು ದೊಡ್ಡದು ಮಾಡಿ ಇಟ್ಟಿದ್ದರು. ಮೂರೂ ಒಂದೇ ಕ್ಷಣದಲ್ಲಿ ಹಾರಿದ್ದವು. ಆಯಿತು, ಆಯಿತು, ಆಯಿತು.

ಮೊದಲು ಜಯಶೀಲಾ ಬಾಯಿಬಿಟ್ಟಳು. "ನನ್ ಬಟ್ಟು ಮಿತಿ ಒಳಗೇ ಇದೆ ಸಾರ್. ಆದ್ರೆ ಹಗುರದ ಕಡೆ ತಗೊಂಡಿದ್ದೆ. ಹೋದ್ವರ್ಷದಿಂದ."

"ನಂದೂ," ಎಂದ ರಂಗಧಾಮ. "ಚಕ್ರ ಬೇಗ ಸುತ್ತೋ ಕಡೆಗೆ. ಎರಡು ಬೀಗ ಮುಂದೆ ಇದಾವಲ್ಲ ಅಂತ."

ಇಬ್ಬರೂ ಕೆರೂರರ ಕಡೆ ನೋಡಿದರು. ಅವರು ತಲೆಯೆತ್ತಲಿಲ್ಲ.

"ಅಯ್ಯೋ," ಎಂದಳು ಜಯಶೀಲಾ. "ನೀವು ನಡುಗೆರೆ ಸಾರ್ ಅಲ್ವಾ? ಮೊದಲನೇ ಬೀಗ ನಿಮ್ಮದು ಅನ್ನೋ ಧೈರ್ಯದ ಮೇಲಲ್ವಾ ನಾನು ಕೈ ಹಾಕಿದ್ದು?"

ಯಾರೂ ಮಿತಿ ದಾಟಿರಲಿಲ್ಲ. ಮೂವರೂ ಉಳಿದಿಬ್ಬರ ಮೇಲೆ ಭಾರ ಹಾಕಿ ಒಂದೇ ಕಡೆಗೆ ವಾಲಿದ್ದರು. ಅಂಥ ಮೂರು ಭಾಗಗಳು ಒಂದೇ ಶೆಲ್ಲಿನಲ್ಲಿ ಕೂಡಿ, ಅದು ಮರಳುಗಾಡಿನ ಬಿಸಿಲಲ್ಲಿ ಕಾದ ಕೊಳವೆಗೆ ಬಿದ್ದರೆ ಬೀಗಗಳಿಗೆ ಅವಸರವಾಗುತ್ತದೆ. ಇದನ್ನು ಲೆಕ್ಕ ಹಾಕಲು ಮೂವರಿಗೂ ಬರುತ್ತಿತ್ತು. ಒಟ್ಟಿಗೆ ಕೂತು ಹಾಕಿರಲಿಲ್ಲ, ಅಷ್ಟೆ.

"ಕೆಲಸ ಮಾಡೋವಾಗ ಕೈತಪ್ಪಾಗಿದೆ ಅಂತ ಸಮಿತಿಗೆ ಅನ್ನಿಸ್ತಿದೆ," ಎಂದರು ರಾಯರು, ಕನ್ನಡಕ ಒರೆಸುತ್ತ. "ಹವಾಲ್ದಾರರು ಶೆಲ್ ತುಂಬೋದರಲ್ಲಿ. ಸಮಿತಿಗೂ ಯಾರದಾದರೂ ತಪ್ಪು ಬೇಕಲ್ಲ. ನೀವು ಮೂವರೂ ನಾಳೆ ಬೇರೆಬೇರೆಯಾಗಿ ಹೋಗಿ, 'ನನ್ನ ಭಾಗ ನಕ್ಷೆಯ ಮಿತಿಯೊಳಗಿತ್ತು' ಅಂತ ಒಂದು ಸಾಲಿಗೆ ಸಹಿ ಹಾಕಿದರೆ ಸಾಕು. ಸುಳ್ಳು ಹೇಳಿ ಅಂತ ನಾನು ಯಾರನ್ನೂ ಕೇಳಲ್ಲ. ಆ ಸಾಲು ನಿಜ ತಾನೆ?"

ನಿಜವೇ ಆಗಿತ್ತು.

"ಬೇರೆ ಏನಾದರೂ ಹೇಳ್ತೀವಿ ಅಂದರೆ ಹೇಳಿ. ಆಮೇಲೆ ಶೆಲ್ಲುಗಳನ್ನೆಲ್ಲ ವಾಪಸು ತರಿಸ್ತಾರೆ, ಕೊಟ್ಟ ಪಾಲು ಕಿತ್ತುಕೊಳ್ತಾರೆ, ಮನೆ ಬಿಡಿಸ್ತಾರೆ. ರಹಸ್ಯ ಬಯಲು ಮಾಡಿದ್ದಕ್ಕೆ ಒಳಗೂ ಹಾಕಬಹುದು."

ಮರುದಿನ ಬೆಳಗ್ಗೆ ಕೆರೂರರು ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಮಹಾನಂದಾ ಬಾಗಿಲಿಗೆ ಅಡ್ಡ ನಿಂತಳು.

"ಅವನ ಬ್ಯಾಟರಿ ಸುಬೇದಾರರು ಫೋನ್ ಮಾಡಿದ್ರು. ಅಡಿವೆಪ್ಪ ಕೈತಪ್ಪು ಮಾಡ್ಯಾನ ಅಂತ ಬರೀತಾರಂತ. ಹಂಗ ಬರದ್ರ ಶಾಂತವ್ವಗ ಪೂರಾ ಪೆನ್ಶನ್ ಬರಂಗಿಲ್ಲಂತ. ಅದೂ ಹೋಗ್ಲಿ. ಊರಾಗ ಏನಂದಾರು? ತಾನ ಸತ್ತು ಮೂರು ಮಂದೀನ್ನ ಕೆಡವಿದ ಅಂದಾರು. ನೀವ ಇವತ್ತ ಅಲ್ಲೇ ಹೋಗಾವ್ರದೀರಿ. ಅವನ ಕೈ ತಪ್ಪು ಅಲ್ಲ ಅಂತ ಒಂದ ಮಾತು ಹೇಳ್ರಿ."

"ಹೇಳ್ತೀನಿ," ಎಂದರು ಕೆರೂರರು.

"ನನ್ನ ಮಾರಿ ನೋಡಿ ಹೇಳ್ರಿ."

"ಹೇಳ್ತೀನಂದ್ನೆಲ್ಲ."

ಸಮಿತಿಯ ಕೋಣೆಯಲ್ಲಿ ಮೂರು ಮಂದಿ ಕೂತಿದ್ದರು, ಮೂವರ ಮುಂದೆಯೂ ಗೋಡಂಬಿಯ ತಟ್ಟೆ. ಜಯಶೀಲಾ ಒಳಗೆ ಹೋಗಿ ಬಂದಳು. ಯಾರನ್ನೂ ನೋಡದೆ ಮೆಟ್ಟಿಲಿಳಿದಳು. ರಂಗಧಾಮ ಹೋಗಿ ಬಂದ. ಕೆರೂರರ ಸರದಿ ಬಂತು. ನಡುವೆ ಕೂತವರು ಬಹಳ ಸೌಜನ್ಯದಿಂದ, "ಬೇರೇನಾದರೂ ಹೇಳುವುದಿದೆಯೇ?" ಎಂದು ಕೇಳಿದರು. ಅಡಿವೆಪ್ಪನದು ಕೈತಪ್ಪಲ್ಲ ಎನ್ನಲು ಕೆರೂರರು ಬಾಯಿ ತೆರೆದರು. ಹೊಸ ಸೂರಿನ ಕೆಳಗೆ ನಿಂತ ಶಾಂತವ್ವ ಕಂಡಳು. ತಿಂಗಳು ತಿಂಗಳು ಅವಳಿಗೆ ತಾನೇ ಹಣ ಕಳಿಸಬಹುದಲ್ಲ, ಪೆನ್ಶನ್ನಿಗಿಂತ ಹೆಚ್ಚೇ ಕಳಿಸಬಹುದಲ್ಲ ಎಂದು ಹೊಳೆಯಿತು. ಒಳ್ಳೆಯ ಯೋಚನೆ. ಅದಕ್ಕೆ ಸಂಬಳ ಬೇಕು.

"ಇಲ್ಲ ಸರ್," ಎಂದು ಸಹಿ ಹಾಕಿದರು.

ಹೀಗೆ ಮೂರು ನಿಜಗಳು ಒಂದರ ಹಿಂದೊಂದು ಸೇರಿ, ಯಾವುದೂ ಮಿತಿ ದಾಟದೆ, ಅಡಿವೆಪ್ಪನದು ಕೈತಪ್ಪು ಎಂದು ತೀರ್ಮಾನವಾಯಿತು. ಕೆರೂರರು ವಾರದೊಳಗೆ ಸ್ಪ್ರಿಂಗನ್ನು ಮತ್ತೆ ನಡುಗೆರೆಗೆ ತಂದರು. ಉಳಿದಿಬ್ಬರೂ ತಂದರೆಂದು ಅಂದುಕೊಂಡರು. ಕೇಳಲಿಲ್ಲ. ಈಗಾಗಲೇ ಮಾಡಿ ಕಳಿಸಿದ ಶೆಲ್ಲುಗಳು ಗಡಿಯ ಗೋದಾಮುಗಳಲ್ಲಿ ಸಾಲಾಗಿ ಮಲಗಿದ್ದವು.

ಆ ಮಧ್ಯಾಹ್ನದ ಅರ್ಧ ಪಾಲನ್ನು ಹಿಂದಿರುಗಿಸಲು ಅವರು ಲೆಕ್ಕಪತ್ರ ವಿಭಾಗಕ್ಕೆ ಒಮ್ಮೆ ಹೋಗಿದ್ದುಂಟು. ಗುಮಾಸ್ತೆ ಹಲವು ಗುಂಡಿಗಳನ್ನೊತ್ತಿ ನೋಡಿ, "ಕಾಳು ಸುಳ್ಳು ಹೇಳಿದೆ ಅಂತ ಕಾರಣ ತೋರಿಸ್ಬೇಕಾಗುತ್ತೆ ಸಾರ್, ತೋರಿಸ್ತೀರಾ?" ಎಂದಳು. ಕಾಳು ಸುಳ್ಳು ಹೇಳಿರಲಿಲ್ಲ. ಅವರು ವಾಪಸು ಬಂದರು.

ಆಷಾಢದಲ್ಲಿ ಕದನವಿರಾಮ ಮುರಿಯಿತು. ನಂಜುಂಡಿ ಹೊಸ ಬಾಣಲೆ ತಂದ. ಒಂದು ಭಾನುವಾರ ಬೆಳಗ್ಗೆ ಕೆರೂರರು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾಗ ಗೋಡೆಯ ಗೂಡಿನಲ್ಲಿಟ್ಟ ಫೋನು ಟಿಣ್ ಟಿಣ್ ಎಂದಿತು.

ಮಹಾನಂದಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ತಮ್ಮ ಸತ್ತಂದಿನಿಂದ ಅವಳು ಸಕ್ಕರೆ ಡಬ್ಬಿ ಮುಟ್ಟಿರಲಿಲ್ಲ; ಚಹಾಕ್ಕೂ ಬೆಲ್ಲ. ಈಗ ಎದ್ದು ಕೈಯ ಹಿಟ್ಟು ಝಾಡಿಸಿ, ತುದಿಗಾಲಲ್ಲಿ ನಿಂತು ಡಬ್ಬಿ ಇಳಿಸಿದಳು. ಮುಚ್ಚಳ ಬಿಗಿದುಕೊಂಡಿತ್ತು. ಚಮಚದ ಹಿಡಿಯಿಂದ ಮೀಟಿ ತೆರೆದಳು.

"ಶಾಂತವ್ವ ಮೊನ್ನೆ ಹೇಳಿದ್ಲು, ಅದು ಸಿಡಿದ ಹೊತ್ತು ಎಷ್ಟಂತ," ಎಂದಳು, ಗಂಡನಿಗೆ ಬೆನ್ನು ಮಾಡಿಯೇ. "ನನ್ನ ಫೋನ್ ತೆಗೆದು ನೋಡಿದೆ. ಆವತ್ತಿನ ಮೆಸೇಜ್ ಇನ್ನೂ ಐತಿ. ಅದ ಹೊತ್ತು."

ಕೆರೂರರ ಕೈಯಲ್ಲಿದ್ದ ಬೆಳ್ಳುಳ್ಳಿ ಅಲ್ಲೇ ನಿಂತಿತು. "ಮಹಾನಂದಾ, ನಕ್ಷೆದಾಗ..."

"ನಕ್ಷೆ ನನಗ ತಿಳಿಯಂಗಿಲ್ರಿ."

ಅವಳು ಚಿಟಿಕೆಯಲ್ಲ, ಹಿಡಿ ತುಂಬ ಸಕ್ಕರೆ ತೆಗೆದಳು. ದೇವರ ಕಡೆ ಹೋಗಲಿಲ್ಲ. ಗಂಡನ ಎದುರು ಬಂದು ಕುಕ್ಕರಗಾಲಲ್ಲಿ ಕೂತಳು. ಕೈಯ ಸಂದಿಯಿಂದ ಹರಳುಗಳು ಉದುರುತ್ತಿದ್ದವು.

"ಆವತ್ತ ನಾನು ತಿಂದೇನಿ," ಎಂದಳು. "ಇವತ್ತ ನೀವು ತಿನ್ರಿ. ಬಾಯಿ ತೆಗೀರಿ."

ಕೆರೂರರು ಅವಳ ಮುಖ ನೋಡಿದರು. ಆಮೇಲೆ ಬಾಯಿ ತೆರೆದರು. ಅವಳು ಅಷ್ಟನ್ನೂ ಒಳಗೆ ಸುರಿದು, ಅಂಗೈಯನ್ನು ಅವರ ತುಟಿಗಳ ಮೇಲೆ ಒತ್ತಿ ಹಿಡಿದು, ಅವರು ನುಂಗುವವರೆಗೂ ಹಾಗೇ ಕೂತಿದ್ದಳು. ಒಲೆಯ ಮೇಲೆ ರೊಟ್ಟಿ ಸೀಯುತ್ತಿತ್ತು. ಗೂಡಿನಲ್ಲಿದ್ದ ಫೋನು ಮತ್ತೆ ಟಿಣ್ ಟಿಣ್ ಎಂದಿತು.